ಮುಯ್ಯಿ ಅಲ್ಲ, ಮೋಯ್

ಡಸ್ಟರು ನೆಟ್ಟಗೆ ಹೋಗಿ ಅವನ ಎದೆಗೇ ಬಡಿಯಿತು.

ಬಿಳೀ ಧೂಳೆದ್ದು ಅವನ ಮೂಗು, ಮೀಸೆ, ಕಂಕುಳಲ್ಲಿದ್ದ ಬಟ್ಟೆ ಗಂಟು ಎಲ್ಲದರ ಮೇಲೂ ಕೂತಿತು. ಕಮಿಟಿಯ ನಾಲ್ಕು ಜನ ದೊಡ್ಡ ಮನುಷ್ಯರು ಕುರ್ಚಿಯಲ್ಲೇ ಕಲ್ಲಾದರು.

ಎಸೆದವಳು ಕಮಲಾಕ್ಷಿ. ಇಪ್ಪತ್ತೆರಡು ವರ್ಷ. ಮಧುಗಿರಿಯಲ್ಲಿ ಊರವರೇ ಸೇರಿ ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಬೇಕೆಂದು, ಕಮಿಟಿಯ ಮುಂದೆ ಪರೀಕ್ಷೆ ಕೊಡಲು ಬಂದವಳು. ಅಂಥ ದಿನ ಯಾರಾದರೂ ಡಸ್ಟರು ಎಸೆಯುತ್ತಾರೆಯೇ, ನೀವೇ ಹೇಳಿ. ಆದರೆ ಅವಳ ಜಾಗದಲ್ಲಿ ನೀವಿದ್ದಿದ್ದರೆ ಮಸಿಕುಡಿಕೆಯನ್ನೇ ಎಸೆಯುತ್ತಿದ್ದಿರಿ.

ಯಾಕೆ ಅಂತೀರಾ?

ಕಮಲಾಕ್ಷಿ ಬೆಳೆದದ್ದು ದೂರದ ಅಸ್ಸಾಮಿನಲ್ಲಿ. ಅವಳ ಅಪ್ಪ ಪರ್ವತಯ್ಯ ಅಲ್ಲಿನ ಟೀ ತೋಟದ ಆಸ್ಪತ್ರೆಯಲ್ಲಿ ಕಾಂಪೌಂಡರು. ಅಮ್ಮ ಬೇಗ ತೀರಿಕೊಂಡಳು. ಪಕ್ಕದ ಮನೆಯ ಮುದುಕಿಯೊಬ್ಬಳು ಈ ಹುಡುಗಿಯನ್ನು ಮಡಿಲಿಗೆ ಹಾಕಿಕೊಂಡು ಸಾಕಿದಳು. ಅವಳನ್ನು ಇವಳು 'ಆಇತಾ' ಎನ್ನುತ್ತಿದ್ದಳು. ಅಸ್ಸಾಮಿಯಲ್ಲಿ ಅಜ್ಜಿ ಎಂದರ್ಥ. ಮಹಾಯುದ್ಧದ ಗಲಾಟೆಯಲ್ಲಿ ಅಪ್ಪನಿಗೆ ಜ್ವರದ ಮೇಲೆ ಜ್ವರ ಬಂದು, ಔಷಧಿ ಅಳೆಯುವ ಕೈ ನಡುಗತೊಡಗಿತು. ಇಬ್ಬರೂ ಗಂಟುಮೂಟೆ ಕಟ್ಟಿಕೊಂಡು ಮಧುಗಿರಿಗೆ, ಸೋದರತ್ತೆ ರಾಜಲಕ್ಷ್ಮಮ್ಮನ ಹಿತ್ತಿಲ ಕೋಣೆಗೆ ಬಂದು ನಾಲ್ಕು ವರ್ಷವಾಗಿತ್ತು.

ಬಂದ ಹೊಸತರಲ್ಲಿ ಕಮಲಾಕ್ಷಿಗೆ ಜ್ವರ ಬಂದು 'ಆಇತಾ... ಆಇತಾ...' ಎಂದು ಕನವರಿಸಿದಾಗ ಅತ್ತೆ, "ಆಯ್ತು ಬುಡವ್ವ, ಎಲ್ಲಾ ಆಯ್ತು, ಮಲ್ಕೋ" ಎಂದಿದ್ದರು.

ಅವಳ ಕನ್ನಡಕ್ಕೇನೂ ಕೊರತೆಯಿರಲಿಲ್ಲ. ಅಪ್ಪ ಕಲಿಸಿದ್ದರು. ಹ್ರಸ್ವ ದೀರ್ಘ ಒಂದೂ ತಪ್ಪುತ್ತಿರಲಿಲ್ಲ. ಒಂದೇ ಒಂದು ತೊಂದರೆ. ಗಾಬರಿಯಾದಾಗ 'ನಾನು' ಎನ್ನುವ ಬದಲು ಬಾಯಿಗೆ 'ಮೊಯ್' ಬಂದುಬಿಡುತ್ತಿತ್ತು. ಅಸ್ಸಾಮಿಯಲ್ಲಿ 'ನಾನು' ಎಂದರೆ ಮೊಯ್.

ಅಂದು ಕಮಿಟಿಯ ಗಂಗಾಧರಯ್ಯನವರು, "ಪದ್ಯ ಯಾವುದಮ್ಮ ಓದ್ತೀಯಾ?" ಎಂದು ಗದರಿದ ಹಾಗೆ ಕೇಳಿದಾಗಲೂ ಅದೇ ಆಯಿತು.

"ಮೊಯ್... ಅಲ್ಲ, ನಾನು..."

"ಮುಯ್ಯಿನಾ?" ಗಂಗಾಧರಯ್ಯ ಹುಬ್ಬೇರಿಸಿದರು. "ಯಾರ ಮದುವೆಗಮ್ಮ ಮುಯ್ಯಿ ಮಾಡ್ತಿದ್ದೀಯ?"

ಕಮಿಟಿಗೆ ಕಮಿಟಿಯೇ ನಕ್ಕಿತು. ಅವಳ ಕಿವಿ ಕೆಂಪಾಯಿತು. ಆದರೂ ಹಲ್ಲುಕಚ್ಚಿಕೊಂಡು ಪುಸ್ತಕ ತೆರೆದು ಪದ್ಯ ಓದಿದಳು. ಎಷ್ಟು ಚೆನ್ನಾಗಿ ಓದಿದಳೆಂದರೆ, ಮುಗಿದ ಮೇಲೂ ಯಾರೂ ಕೆಮ್ಮಲಿಲ್ಲ.

'ಗೆದ್ದೆ' ಎಂದುಕೊಂಡಳು.

ಆಗ ಬಾಗಿಲ ಹತ್ತಿರದಿಂದ ಗಂಡಸಿನ ದನಿಯೊಂದು ಕೇಳಿಸಿತು.

"ಮೋಯ್..."

ಇಷ್ಟಾದ ಮೇಲೆ ಮೇಜಿನ ಮೇಲಿದ್ದ ಡಸ್ಟರು ಮೇಜಿನ ಮೇಲೇ ಇರುತ್ತದೆಯೇ?

ಧೂಳಿನ ಒಳಗಿಂದ ಅವನು ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಆ ನಾಲ್ಕು ಮುಖಗಳನ್ನು ಒಂದೊಂದಾಗಿ ನೋಡಿ, ಬಾಯಿ ಮುಚ್ಚಿಕೊಂಡ.

"ತಪ್ಪಾಯ್ತು" ಎಂದವನೇ ಶಾಲೆಗೆಂದು ತಂದಿದ್ದ ಬಟ್ಟೆ ಗಂಟು ಇಳಿಸಿ ಹೊರಟುಹೋದ.

"ಕೈಗೆ ಸಿಕ್ಕಿದ್ದು ಎಸೆಯೋರ ಕೈಗೆ ಮಕ್ಕಳನ್ನ ಹೆಂಗೆ ಒಪ್ಸೋದು?" ಎಂದರು ಗಂಗಾಧರಯ್ಯ. ತೀರ್ಮಾನ ಒಂದು ತಿಂಗಳು ಮುಂದಕ್ಕೆ ಹೋಯಿತು.

*

"ಕೈಗೆ ಬಂದಿದ್ದ ಕೆಲ್ಸಾನ ಹಾಳ್ ಮಾಡ್ಕೊಂಡು ಬಂದ್ಬುಟ್ಯಲ್ಲೇ" ಎಂದು ಅತ್ತೆ ಒಲೆಯ ಮುಂದೆ ಕೂತು ಗೊಣಗಿದರು. "ಅವನು ಕೂಪನ್‌ಗೆ ಬಟ್ಟೆ ಕೊಡೋ ಕಂಟ್ರೋಲ್ ಅಂಗ್ಡಿ ಸಿದ್ದಗಂಗಯ್ಯನ ಅಣ್ಣನ ಮಗ ಕಣಮ್ಮ. ಶಂಕರಲಿಂಗಪ್ಪ ಅಂತ. ಸಿರಾದೋನು. ಸಮುದ್ರದಾಚೆ ಬಟಾವಿಯಾದಾಗೆ, ಡಚ್ಚರ ಊರಲ್ಲಿ ಹತ್ತು ವರ್ಷ ಬಟ್ಟೆ ಅಳ್ದು, ಹೋದ ವರ್ಷ ಬಂದವ್ನೆ."

"ಬಟಾವಿಯಾದಲ್ಲಿ ಅಣಕಿಸೋದನ್ನ ಕಲಿಸ್ತಾರೆ ಅಂತ ಕಾಣುತ್ತೆ" ಎಂದಳು ಕಮಲಾಕ್ಷಿ.

ಅಷ್ಟರಲ್ಲಿ ಕೋಣೆಯಿಂದ ಅಪ್ಪ ಕೂಗಿ ಬಿಸಿ ಗಂಜಿ ಕೇಳಿದರು. ಅವಳು ಅತ್ತೆಯ ಮುಖ ನೋಡಿದಳು. ಒಲೆ ಖಾಲಿ ಆಗುವವರೆಗೆ ಕಾಯಬೇಕು. ಅತ್ತೆ ಕೆಟ್ಟವರಲ್ಲ. ಆದರೆ ಒಲೆ ಅವರದು. ಈ ಕೆಲಸ ಸಿಕ್ಕಿದ್ದರೆ ಪೇಟೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆ ಹಿಡಿದು, ತನ್ನದೇ ಒಂದು ಒಲೆ ಹೂಡಬಹುದಿತ್ತು. ಅಪ್ಪ ಕೇಳಿದಾಗ ಗಂಜಿ ಕಾಯಿಸಬಹುದಿತ್ತು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

'ಒಂದು ಮಾತಿನಲ್ಲಿ ಕಿತ್ತುಕೊಂಡನಲ್ಲ, ಪಾಪಿ...'

ಮಾರನೆಯ ದಿನ ಮಹಾಲಿಂಗಯ್ಯ ಮೇಷ್ಟ್ರು ಹೇಳಿಕಳಿಸಿದರು. ರಿಟೈರಾದ ಮುದುಕರು. ಕಮಿಟಿಯಲ್ಲಿ ಅವರೂ ಒಬ್ಬರು. ಭಾಷೆಗಳ ಹುಚ್ಚು ಹಿಡಿದು ವರ್ಷಗಳಾಗಿದ್ದವು.

ಅವರ ಜಗಲಿ ಹತ್ತಿ ನೋಡಿದರೆ, ಚಾಪೆಯ ಆ ತುದಿಯಲ್ಲಿ ಶಂಕರಲಿಂಗಪ್ಪ ಕೂತಿದ್ದ.

ಅವಳು ಬಂದ ದಾರಿಯಲ್ಲೇ ತಿರುಗಿದಳು.

"ನಿಲ್ಲು ಮಗು" ಎಂದರು ಮೇಷ್ಟ್ರು. "ಅಸ್ಸಾಮಿ, ಡಚ್ಚು, ಎರಡೂ ಒಂದೇ ತಾಯಿಯ ಹೊಟ್ಟೇಲಿ ಹುಟ್ಟಿದ ಭಾಷೆಗಳು ಅಂತ ಓದಿದ್ದೀನಿ. ನಡುವೆ ಇರೋ ನಮ್ಮ ಕನ್ನಡ ಮಾತ್ರ ಬೇರೆ ಮನೆತನ. ಯುಗಾದಿಗೆ ತುಮಕೂರಿನಲ್ಲಿ ಇದರ ಮೇಲೆ ಭಾಷಣ ಮಾಡಬೇಕು. ಒಂದೇ ಊರಲ್ಲಿ ಅಸ್ಸಾಮಿ ಬಲ್ಲವಳು ಒಬ್ಬಳು, ಡಚ್ಚು ಬಲ್ಲವನು ಒಬ್ಬ! ನನ್ನ ಪುಣ್ಯ. ಇಬ್ಬರೂ ಕೂತು ನನಗೆ ನೂರು ಮಾತಿನ ಪಟ್ಟಿ ಮಾಡಿಕೊಡಿ. ಕಮಿಟಿಯಲ್ಲಿ ನಿನ್ನ ಪರ ನಾನು ಮಾತಾಡ್ತೀನಿ."

ಅವಳು ಕೂತಳು. ಒಲೆಗಾಗಿ ಕೂತಳು.

"ಒಂದು ಷರತ್ತು ಮೇಷ್ಟ್ರೇ. ಅವರ ಹತ್ತಿರ ನಾನು ಮಾತಾಡಲ್ಲ."

"ಮೇಷ್ಟ್ರೇ, ಅವರ ಹತ್ತಿರ ಡಸ್ಟರು ಇಲ್ಲ ತಾನೇ, ಕೇಳಿ" ಎಂದ ಶಂಕರಲಿಂಗಪ್ಪ.

*

ಮೊದಲನೆಯ ದಿನ, ಮೊದಲನೆಯ ಮಾತು: ಹೆಸರು.

"ನಾಮ್" ಎಂದಳು ಕಮಲಾಕ್ಷಿ.

"ನಾಮ್" ಎಂದ ಅವನು.

"ನೋಡಿ ಮೇಷ್ಟ್ರೇ, ನಾನು ಹೇಳಿದ್ದನ್ನೇ ಹೇಳ್ತಿದ್ದಾರೆ! ಅಣಕಿಸೋ ಚಾಳಿ ಇನ್ನೂ ಬಿಟ್ಟಿಲ್ಲ."

"ಡಚ್ಚಿನಲ್ಲೂ ಹೆಸರಿಗೆ ನಾಮ್ ಅಂತಲೇ ಅನ್ನೋದು" ಎಂದ ಅವನು ಮೇಷ್ಟ್ರ ಕಡೆ ನೋಡಿಕೊಂಡೇ. "ಜನಕ್ಕೆ ನಾಮ ಹಾಕೋ ಅಭ್ಯಾಸ ನನಗಿಲ್ಲ ಅಂತ ಹೇಳಿ."

ಮೇಷ್ಟ್ರು ಇದು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಎರಡು ನಾಮ್‌ಗಳನ್ನು ಅಕ್ಕಪಕ್ಕ ಬರೆದು ಕಣ್ಣರಳಿಸಿ ನೋಡುತ್ತಿದ್ದರು.

ಬಾಗಿಲಿಗೆ ಅವಳು 'ದುವಾರ್' ಎಂದಳು, ಅವನು 'ಡ್ಯೋರ್' ಎಂದ. ಗೋಡೆ ಬಂದಾಗ ಅವನು 'ಮ್ಯೂರ್' ಎಂದ.

"ನಮ್ಮಲ್ಲಿ ಮುರ್ ಅಂದ್ರೆ ನನ್ನದು ಅಂತ" ಎಂದಳು ಅವಳು ಮೇಷ್ಟ್ರಿಗೆ. "ಅವರಿಗೆ ಅದು ಗೋಡೆ. ಒಳ್ಳೇದೇ ಆಯ್ತು. ಗೋಡೆ ಆಚೆ ಕಡೆ ಇರಲಿ ಅವರು."

ಹೀಗೇ ನಡೆಯಿತು ವಾರವಿಡೀ. ಮೇಷ್ಟ್ರ ಹೆಂಡತಿ ಎರಡು ಲೋಟ ಮಜ್ಜಿಗೆ ತಂದಿಟ್ಟರೆ, ಅವನದು ಯಾವ ಲೋಟವೆಂದು ತಿಳಿಯದೆ ಅವಳು ಎರಡನ್ನೂ ಮುಟ್ಟುತ್ತಿರಲಿಲ್ಲ.

ಐದನೆಯ ದಿನ ಅಂಕಿಗಳು ಬಂದವು. ಏಳಕ್ಕೆ ಅಸ್ಸಾಮಿಯಲ್ಲಿ 'ಖಾತ್'. ಆದರೆ ಆ 'ಖ' ನಮ್ಮ ಖ ಅಲ್ಲ. ಗಂಟಲೊಳಗೇ ಉಸಿರು ಉಜ್ಜಿಕೊಂಡು ಬರುವ ದನಿ. ಮಧುಗಿರಿಯಲ್ಲಿ ಅವಳು ಹಾಗೆಂದಾಗೆಲ್ಲ ಜನ, 'ಗಂಟಲಿಗೆ ಏನಾದ್ರೂ ಸಿಕ್ಕೊಂಡೈತೇನಮ್ಮ' ಎಂದು ನೀರು ಕೊಡಲು ಬರುತ್ತಿದ್ದರು.

ಮೇಷ್ಟ್ರು ಮೂರು ಸಲ ಪ್ರಯತ್ನಿಸಿ ಕೆಮ್ಮಿದರು.

"ಹಾಗಲ್ಲ ಮೇಷ್ಟ್ರೇ" ಎಂದ ಶಂಕರಲಿಂಗಪ್ಪ. "ಡಚ್ಚಿನಲ್ಲಿ ಎಂಟಕ್ಕೆ 'ಆಖ್ಟ್' ಅಂತೀವಲ್ಲ, ಅದೇ ದನಿ. ನೋಡಿ... ಖಾತ್."

ತಿದ್ದುವುದಕ್ಕೆ ಏನೂ ಇರಲಿಲ್ಲ. ಆಇತಾ ಅಂಗಳದಲ್ಲಿ ಅವಳ ಜಡೆ ಹೆಣೆಯುತ್ತ ಏಳು ಎಳೆ ಎಣಿಸುವಾಗ ಅನ್ನುತ್ತಿದ್ದದ್ದು ಇದೇ ದನಿಯಲ್ಲಿ. ನಾಲ್ಕು ವರ್ಷದಲ್ಲಿ ಇನ್ನೊಬ್ಬರ ಬಾಯಿಂದ ಅವಳು ಅದನ್ನು ಕೇಳಿದ್ದು ಅದೇ ಮೊದಲು.

ಕಣ್ಣು ತುಂಬಿತು. ಅವನೆದುರು ಅಳುವುದೇ? ಅವಳು ದಡಕ್ಕನೆ ಎದ್ದಳು.

"ನಮ್ಮ ಮಾತನ್ನ ನೀವು ಆಡಬೇಡಿ" ಎಂದು ಮೊದಲ ಸಲ ನೇರವಾಗಿ ಅವನಿಗೇ ಹೇಳಿ, ಮನೆಗೆ ಹೊರಟುಬಿಟ್ಟಳು.

'ಇವನೇ ಯಾಕೆ ಆಗಬೇಕಿತ್ತು? ಊರಲ್ಲಿ ಬೇರೆ ಯಾರಾದರೂ ಆಗಬಾರದಿತ್ತಾ...' ದಾರಿಯುದ್ದಕ್ಕೂ ಅವಳಿಗೆ ಅದೇ ಸಂಕಟ.

ಮಾರನೆಯ ದಿನ ಮೇಷ್ಟ್ರು ಕೇಳಿದ ಮಾತು: ನಾನು.

ಕಮಲಾಕ್ಷಿ ಅವನ ಕಣ್ಣನ್ನೇ ನೆಟ್ಟಗೆ ನೋಡಿದಳು.

"ಮೊಯ್" ಎಂದಳು. "ಬರ್ಕೊಳ್ಳಿ ಮೇಷ್ಟ್ರೇ. ಅವತ್ತು ಕಮಿಟಿಯವರು ನಕ್ಕಿದ್ದು, ಇವರು ಬಾಗಿಲಲ್ಲಿ ನಿಂತು ಅಣಕಿಸಿದ್ದು, ಇದೇ ಮಾತನ್ನ."

ಶಂಕರಲಿಂಗಪ್ಪನ ಮುಖ ಬಿಳಿಚಿಕೊಂಡಿತು. ಅಂದು ಅವನು ಬಾಗಿಲಿಗೆ ಬರುವಷ್ಟರಲ್ಲಿ ಪದ್ಯ ಅರ್ಧವಾಗಿತ್ತು. ಅದಕ್ಕೆ ಮೊದಲು ಒಳಗೆ ನಡೆದದ್ದು ಅವನಿಗೆ ಗೊತ್ತೇ ಇರಲಿಲ್ಲ.

"ನಿಮ್ಮಲ್ಲಿ... ಮೊಯ್ ಅಂದ್ರೆ ನಾನು ಅಂತಾನಾ?"

"ಗೊತ್ತಿಲ್ಲದವರ ಹಾಗೆ ಕೇಳ್ತಾರೆ ನೋಡಿ."

ಅವನು ತಲೆ ತಗ್ಗಿಸಿ, "ಡಚ್ಚಿನಲ್ಲಿ ಇಕ್" ಎಂದಷ್ಟೇ ಹೇಳಿ ತನ್ನ ಕಚ್ಚಾ ಪುಸ್ತಕದಲ್ಲಿ ಬರೆದುಕೊಂಡ. ಅಂದಿನಿಂದ ಅವನು ಅವಳಿಗೆ ಎದುರಾಡುವುದನ್ನೇ ಬಿಟ್ಟ. ಇವಳಿಗೆ ಅದೂ ಸಿಟ್ಟೇ.

ಕೊನೆಯ ದಿನ ಒಂದು ಮಾತು ಉಳಿಯಿತು. ಚೆಂದ.

"ಧುನೀಯಾ" ಎಂದಳು ಅವಳು.

"ನನಗೆ ಮರೆತುಹೋಗಿದೆ" ಎಂದ ಅವನು.

"ಹತ್ತು ವರ್ಷ ಆ ದೇಶದಲ್ಲಿ ಬಟ್ಟೆ ಮಾರಿದೋರು. ಒಂದು ದಿನವಾದ್ರೂ ಗಿರಾಕಿ ಮುಂದೆ ಸೀರೆನೋ ಲಂಗಾನೋ ಚೆಂದ ಇದೆ ಅಂದಿರಲ್ವಾ?"

"ಮರೆತಿದೆ ಅಂದೆನಲ್ಲ. ಖಾಲಿ ಬಿಡಿ."

ಮೇಷ್ಟ್ರು ಬೇಜಾರಿನಿಂದ ಆ ಜಾಗ ಖಾಲಿ ಬಿಟ್ಟರು. ಒಟ್ಟು ತೊಂಬತ್ತೊಂಬತ್ತು ಮಾತು.

*

ಅವಳ ಅಕ್ಷರ ದುಂಡಗಿದೆಯೆಂದು ಪಟ್ಟಿಯ ಶುದ್ಧಪ್ರತಿ ಬರೆಯುವ ಕೆಲಸ ಅವಳಿಗೇ ಬಂತು. ಡಚ್ಚು ಮಾತುಗಳನ್ನು ಸರಿನೋಡಿಕೊಳ್ಳಲು ಮೇಷ್ಟ್ರು ಕೊಟ್ಟ ಅವನ ಕೈಬರಹದ ಕಚ್ಚಾ ಪುಸ್ತಕವನ್ನು ಮನೆಗೆ ತಂದು, ಕಮಿಟಿ ಸೇರುವ ಹಿಂದಿನ ದಿನ ಬೆಳಿಗ್ಗೆ ಬರೆಯಲು ಕೂತಳು.

ತೊಂಬತ್ತೊಂಬತ್ತೂ ಮುಗಿಯಿತು. ಕೊನೆಯ ಸಾಲಿನಲ್ಲಿ 'ಚೆಂದ' ಎಂದಿತ್ತು. ಅದರ ಮುಂದೆ ಅವನು ಏನೋ ಬರೆದು, ಗೀಚಿ ಗೀಚಿ ಹೊಡೆದುಹಾಕಿದ್ದ. ಕಾಗದ ಬೆಳಕಿಗೆ ಹಿಡಿದಳು.

ಎರಡೇ ಅಕ್ಷರ.

ಮೋಯ್.

ಆ ಸಾಲನ್ನು ಮೊದಲಿಂದ ಇನ್ನೊಮ್ಮೆ ಓದಿದಳು.

'ಚೆಂದ... ಚೆಂದ ಅಂದನಾ?'

ಅವತ್ತಿನ ದನಿ ಮತ್ತೆ ಕಿವಿಯಲ್ಲಿ ಕೇಳಿಸಿತು. ಮೊಯ್ ಅಲ್ಲ, ಮೋಯ್. ದೀರ್ಘ ಇತ್ತು. ಸ್ಪಷ್ಟವಾಗಿ ಇತ್ತು. ಹ್ರಸ್ವ ದೀರ್ಘ ತಪ್ಪದ ಕಮಲಾಕ್ಷಿ, ಅಂದು ಅದೊಂದನ್ನು ಕೇಳಿಸಿಕೊಂಡಿರಲಿಲ್ಲ.

ನೀವೇನೋ ಅವಳು ಕರಗಿಹೋದಳು ಎಂದುಕೊಂಡಿರಬಹುದು. ಇಲ್ಲ. ಹಿಂದೆಂದೂ ಬಾರದಷ್ಟು ಸಿಟ್ಟು ಬಂತು. ನೆಪಕ್ಕೆ ಕೂಪನ್ ಚೀಟಿಯೊಂದನ್ನು ಸೆರಗಿಗೆ ಸಿಕ್ಕಿಸಿಕೊಂಡು ನೇರ ಕಂಟ್ರೋಲ್ ಬಟ್ಟೆ ಅಂಗಡಿಗೇ ಹೋದಳು. ಅವನು ಒಬ್ಬನೇ ಮಲ್ಲು ಬಟ್ಟೆ ಅಳೆಯುತ್ತಿದ್ದ.

"ಯಾಕೆ ಹೇಳ್ಲಿಲ್ಲ?" ಎಂದು ಕಚ್ಚಾ ಪುಸ್ತಕವನ್ನು ಅವನ ಗಜಕಡ್ಡಿಯ ಮೇಲೆ ಹಾಕಿದಳು.

ಅವನು ಆ ಸಾಲು ನೋಡಿದ.

"ಏನಂತ ಹೇಳಲಿ? ಕೆಲಸ ಕೇಳ್ಕೊಂಡು ಬಂದ ಹುಡುಗೀನ ಬಾಗಿಲಲ್ಲಿ ನಿಂತು ನೋಡಿ, ಚೆಂದ ಅಂದೆ ಅಂತಾನಾ? ಆ ಗಂಗಾಧರಯ್ಯನ ಮುಂದೆ? ಅಣಕಿಸಿದೆ ಅಂದ್ರೆ ನಾನು ಪೋಲಿ, ಅಷ್ಟೇ. ಚೆಂದ ಅಂದೆ ಅಂದ್ರೆ ಕೆಟ್ಟ ಹೆಸರು ನಿಮಗೆ. ಸಾಯಂಕಾಲದ ಹೊತ್ತಿಗೆ ಊರೆಲ್ಲಾ ಅದೇ ಮಾತು. ನಿಮಗೆ ಕೆಲಸ ಕೊಡ್ತಿದ್ರಾ?"

"ಅದಕ್ಕೆ ಒಂದು ತಿಂಗಳು ನನ್ನ ಕೈಲಿ ಬೈಸ್ಕೊಂಡಿರಾ?"

"ಚೆನ್ನಾಗಿ ಬೈತೀರಿ."

"ನಗಬೇಡಿ. ನನಗೆ ಯಾವುದು ಒಳ್ಳೇದು ಅಂತ ತೀರ್ಮಾನ ಮಾಡೋಕೆ ನೀವ್ಯಾರು?"

"ಯಾರೂ ಅಲ್ಲ." ಅವನು ಪುಸ್ತಕ ಮಡಚಿ ಅವಳ ಕಡೆ ಸರಿಸಿದ. "ನಾಳೆ ಕಮಿಟಿಯವರು ನನ್ನನ್ನೂ ಕರೆಸಿದ್ದಾರೆ. ಅಣಕಿಸಿದ್ದು ನಾನೇ, ತಪ್ಪು ನಂದೇ ಅಂತ ಒಪ್ಕೊತೀನಿ. ನಿಮಗೆ ಕೆಲಸ ಸಿಗುತ್ತೆ. ನೀವು ದಯವಿಟ್ಟು ಬಾಯಿ ಬಿಡಬೇಡಿ."

*

ಅವನು ಹೇಳಿದ ಹಾಗೆಯೇ ಒಪ್ಪಿಕೊಂಡ. ಕಮಿಟಿಯ ಮುಂದೆ ಕೈಕಟ್ಟಿ ನಿಂತು, "ಅವರ ಮಾತನ್ನ ಆಡಿಕೊಂಡು ನಕ್ಕೆ. ಅವರು ಎಸೆದದ್ದು ಸರಿಯಾಗೇ ಇತ್ತು" ಎಂದ.

ಗಂಗಾಧರಯ್ಯನವರಿಗೆ ಸಮಾಧಾನವಾಯಿತು. "ಹೆಣ್ಣುಮಕ್ಕಳ ಶಾಲೆಗೆ ಬಂದು ಪೋಲಿತನ. ನಾಳೆನೇ ಅಮಲ್ದಾರರಿಗೆ ಅರ್ಜಿ ಬರೀತೀನಿ. ಇಂಥೋನು ಕೂರೋ ಅಂಗಡಿಗೆ ಲೈಸೆನ್ಸ್ ಯಾಕೆ?" ಎಂದರು. ಆಮೇಲೆ ನೇಮಕದ ಪುಸ್ತಕವನ್ನು ಕಮಲಾಕ್ಷಿಯ ಕಡೆ ತಳ್ಳಿ, "ರುಜು ಹಾಕಮ್ಮ. ಸೋಮವಾರದಿಂದ ಬಾ" ಎಂದರು.

ಲೇಖನಿ ಅವಳ ಕೈಯಲ್ಲಿತ್ತು. ಒಂದು ರುಜು ಹಾಕಿದರೆ ಎರಡು ಕೋಣೆ, ಒಂದು ಒಲೆ, ಅಪ್ಪನಿಗೆ ಹೊತ್ತು ಹೊತ್ತಿಗೆ ಗಂಜಿ.

ಅವಳು ಶಂಕರಲಿಂಗಪ್ಪನನ್ನು ನೋಡಿದಳು. ಅವನು ಬೇಡ ಎನ್ನುವಂತೆ ಕಣ್ಣಲ್ಲೇ ಹೇಳಿದ.

'ಇವನಿಗೆ ಮಾತಾಡಬೇಕಾದಾಗ ಮಾತು ಬರಲ್ಲ. ಈಗ ನನ್ನ ಬಾಯಿ ಬೇರೆ ಮುಚ್ಚಿಸೋಕೆ ಬಂದ...'

ಲೇಖನಿ ಕೆಳಗಿಟ್ಟಳು.

"ಇವರು ಹೇಳ್ತಿರೋದು ಸುಳ್ಳು" ಎಂದಳು. "ಅಣಕಿಸಿದ್ದು ನೀವು ಸ್ವಾಮಿ. ಮುಯ್ಯಿ ಅಂತ ಅಂದಿದ್ದು ನೀವು. ಇವರು ಅಂದಿದ್ದು ಮೋಯ್. ಡಚ್ಚಿನಲ್ಲಿ ಅದಕ್ಕೆ ಚೆಂದ ಅಂತ ಅರ್ಥ. ನನ್ನ ಹೆಸರು ಕೆಡಬಾರದು ಅಂತ ತಮ್ಮ ಹೆಸರು ಕೆಡಿಸ್ಕೊಂಡು ನಿಂತಿದ್ದಾರೆ. ಕೆಲಸ ಕೊಡೋದಿದ್ರೆ ಇದನ್ನ ಕೇಳಿಸ್ಕೊಂಡು ಕೊಡಿ. ಇಲ್ಲಾಂದ್ರೆ ಬೇಡ."

ಗಂಗಾಧರಯ್ಯನವರ ಮುಖ ಕಪ್ಪಿಟ್ಟಿತು. "ಚೆಂದ ಅಂದ್ನಾ? ಯಾವುದನ್ನ? ಪದ್ಯಾನೋ, ನಿನ್ನನ್ನೋ?"

ಅವಳಿಗೂ ಅದಕ್ಕೆ ಉತ್ತರ ಗೊತ್ತಿರಲಿಲ್ಲ.

ಮಹಾಲಿಂಗಯ್ಯ ಮೇಷ್ಟ್ರು ಕನ್ನಡಕ ಏರಿಸಿ, ಜೇಬಿನಿಂದ ಪಟ್ಟಿ ತೆಗೆದು, ಖಾಲಿ ಜಾಗದಲ್ಲಿ ನಿಧಾನವಾಗಿ ಎರಡಕ್ಷರ ಬರೆದರು.

"ನೂರಾಯ್ತು" ಎಂದರು. "ಗಂಗಾಧರಯ್ಯನೋರೇ, ಆ ಹುಡುಗಿ ಅವತ್ತು ಪದ್ಯ ಓದಿದಾಗ ನಾವು ನಾಲ್ಕು ಜನ ಇಲ್ಲೇ ಕೂತಿದ್ವಿ. ಚೆನ್ನಾಗಿತ್ತು ಅನ್ನೋಕೆ ನಮ್ಮಲ್ಲೊಬ್ಬರಿಗೂ ಬಾಯಿ ಬರಲಿಲ್ಲ. ಬಟ್ಟೆ ಹೊತ್ಕೊಂಡು ಬಂದೋನು ಅಂದ. ಅರ್ಜಿ ಬರೆಯೋದಾದ್ರೆ ನಮ್ಮ ಮೇಲೂ ಒಂದು ಬರೀರಿ."

ಉಳಿದಿಬ್ಬರು ನಕ್ಕುಬಿಟ್ಟರು. ಗಂಗಾಧರಯ್ಯ ಬಹಳ ಹೊತ್ತು ಗಂಟಲು ಸರಿಮಾಡಿಕೊಂಡು, "ಆರು ತಿಂಗಳು ನೋಡೋಣ" ಎಂದರು. "ಡಸ್ಟರಿಗೆ ಕೈ ಹಾಕಿದ್ರೆ ಮಾತ್ರ ಅವತ್ತೇ ಮನೆಗೆ."

ಅವಳು ರುಜು ಹಾಕಿದಳು.

*

ಶಾಲೆಯ ಗೇಟಿನ ಹೊರಗೆ ಅವನು ಸಿಟ್ಟಿನಿಂದ ಕಾಯುತ್ತಿದ್ದ. ಹಿಂದೆ ಬೆಟ್ಟದ ಬಂಡೆ ಬಿಸಿಲಿಗೆ ಕಾದಿತ್ತು.

"ಬಾಯಿ ಬಿಡಬೇಡಿ ಅಂದಿರಲಿಲ್ವಾ? ಕೆಲಸ ಹೋಗಿದ್ದರೆ?"

"ಹೋಗಿದ್ದರೆ ನಿಮ್ಮಂಗಡಿ ಮುಂದೆ ಕೂತು ದಿನಾ ಬೈತಿದ್ದೆ."

ಅವನು ನಗಬಾರದೆಂದು ಬಹಳ ಕಷ್ಟಪಟ್ಟ.

ಇಬ್ಬರೂ ಸ್ವಲ್ಪ ದೂರ ನಡೆದರು. ನಡುವೆ ಇನ್ನೂ ನಾಲ್ಕು ಮೊಳ ಜಾಗ ಇತ್ತು. ಆಮೇಲೆ ಅವಳು ನೆಲ ನೋಡುತ್ತ ಕೇಳಿದಳು.

"ಗಂಗಾಧರಯ್ಯನೋರು ಕೇಳಿದ್ದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ಅವತ್ತು... ಅಂದಿದ್ದು ಯಾವುದಕ್ಕೆ?"

ಅವನು ನಿಂತ.

"ಆ ಪದ್ಯ ಓದಿದ್ದು ಯಾರು?"

ಗಾಬರಿಯಾದಾಗ ಅವಳ ಬಾಯಿಗೆ ಏನು ಬರುತ್ತದೆಂದು ನಿಮಗೆ ಗೊತ್ತೇ ಇದೆ.

"ಮೊಯ್" ಎಂದಳು.

"ಅದಕ್ಕೊಂದು ದೀರ್ಘ ಕೊಡಿ, ಟೀಚರಮ್ಮ" ಎಂದ ಅವನು. "ನಾನು ಅಂದಿದ್ದು ಅಷ್ಟೇ."